ಎಲೆಯ ಹೊಟ್ಟೆ ನೋಡುತ್ತಿದ್ದ ಯಮನಪ್ಪ

ಯಮನಪ್ಪನ ಬಲಗೈ ಹೆಬ್ಬೆರಳು ಕರ್ರಗಿತ್ತು. ಅದು ಮೈಬಣ್ಣದ ಕಪ್ಪಲ್ಲ, ಇಸ್ತ್ರಿ ಪೆಟ್ಟಿಗೆಯ ಇದ್ದಿಲಿನ ಕಪ್ಪೂ ಅಲ್ಲ. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಕೇರಬೀಜದ ರಸ ಹತ್ತಿ ಹತ್ತಿ ಚರ್ಮದೊಳಕ್ಕೇ ಇಳಿದಿದ್ದ ಕಪ್ಪು. ಮಾತಾಡುವ ಮೊದಲು ಅವನು ಆ ಹೆಬ್ಬೆರಳನ್ನು ಎತ್ತುತ್ತಿದ್ದ, ಆಮೇಲೆ ಮೂಗಿನಿಂದ ‘ಹ್ಞೂಂ’ ಎನ್ನುತ್ತಿದ್ದ. ಅವನು ಹ್ಞೂಂ ಎಂದನೆಂದರೆ ಎದುರಿಗಿದ್ದವರು ದಡ್ಡರೆಂದು ತೀರ್ಮಾನವಾಯಿತು ಎಂದೇ ಅರ್ಥ. ಮೂವತ್ತು ವರ್ಷ ಅದನ್ನು ಕೇಳಿದೆ. ಅದರಲ್ಲಿ ಅರ್ಧ ನನಗೇ ಬಂದದ್ದು.

ಹದಿನೈದು ದಿನದ ಹಿಂದೆ ನನಗೆ ಮೊಮ್ಮಗ ಹುಟ್ಟಿದ. ಮೂರು ಕಿಲೋ, ತಲೆ ತುಂಬ ಕೂದಲು, ಅತ್ತರೆ ಎದುರಿನ ಬಿಲ್ಡಿಂಗಿನವರು ಕಿಟಕಿ ತೆರೆದು ನೋಡಬೇಕು. ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಲಿಫ್ಟಿನವನಿಗೆ ಹೇಳಿದೆ, ದಹಿಸರ್ ಸ್ಟೇಷನ್ನಿನಲ್ಲಿ ದಾರಿ ಕೇಳಿದ ಯಾರೋ ಹೆಂಗಸಿಗೂ ಹೇಳಿದೆ. ಆದರೆ ಯಾರಿಗೆ ಮೊದಲು ಹೇಳಬೇಕಾಗಿತ್ತೋ ಅವನು ಬಿಲ್ಡಿಂಗಿನ ಹಿಂದಿನ ಗೇಟಿನಲ್ಲಿ ಇಲ್ಲ. ನಾಲ್ಕನೇ ಇಯತ್ತೆ ಓದಿದವಳು ನಾನು. ಬರೆದದ್ದು ಓರೆಕೋರೆ ಆದರೆ ಆಗಲಿ, ಅವನ ಕತೆ ಬರೆಯದೆ ಈ ಸಂತೋಷ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಯಮನಪ್ಪ ಅಗಸರವನು, ನಮ್ಮ ವಿಜಯಪುರದ ಕಡೆಯವನೇ. ಹರೆಯದಲ್ಲಿ ಪರೇಲಿನ ಹತ್ತಿರದ ಒಂದು ಧೋಬಿ ಘಾಟಿನಲ್ಲಿ ಬಟ್ಟೆ ಬಡಿದ. ಸೊಂಟ ಸೋತ ಮೇಲೆ ನಮ್ಮ ಹಿಂದಿನ ಗೇಟಿನ ಮರದ ಕೆಳಗೆ ಇಸ್ತ್ರಿ ಗಾಡಿ ಹಾಕಿದ. ಬೆಡ್‌ಶೀಟು, ಗಂಜಿ ಹಾಕುವ ಸೀರೆಗಳನ್ನು ಮಾತ್ರ ಗಂಟು ಕಟ್ಟಿ ಘಾಟಿಗೆ ಒಯ್ದು ತರುತ್ತಿದ್ದ. ಬಟ್ಟೆ ಅದಲು ಬದಲಾಗದಂತೆ ಪ್ರತಿ ಮನೆಗೂ ಅವನದೊಂದು ಗುರುತು ಇತ್ತು. ಕೇರಬೀಜಕ್ಕೆ ಸೂಜಿ ಚುಚ್ಚಿ, ಸೂಜಿಯ ತುದಿಗೆ ಬಂದ ರಸವನ್ನು ಬಟ್ಟೆಯ ಮೂಲೆಗೆ ಮುಟ್ಟಿಸಿ, ಮೇಲೆ ಚೂರು ಸುಣ್ಣ ಹಚ್ಚುತ್ತಿದ್ದ. ಬಟ್ಟೆ ಹರಿದು ಒರೆಸುವ ಅರಿವೆಯಾದರೂ ಆ ಚುಕ್ಕೆ ಹೋಗುತ್ತಿರಲಿಲ್ಲ. ಈ ಬೀಜವನ್ನೇ ಮುಂಬಯಿಯವರು ಬಿಬ್ಬಾ ಎನ್ನುತ್ತಾರೆ. ಅಂಗಡಿ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟುತ್ತಾರಲ್ಲ, ಅದರಲ್ಲಿ ತೂಗುವ ಕರಿ ಬೀಜ.

ನಮ್ಮ ಮನೆಯ ಗುರುತು ಒಂದು ಅಡ್ಡಗೆರೆ, ಅದರ ಕೆಳಗೆ ಮೂರು ಚುಕ್ಕೆ. ನಾನು, ನಮ್ಮ ಯಜಮಾನರು, ಮಗಳು ಸುಜಾತಾ. ಸುಜಿಯ ಮದುವೆಯಾದ ಮೇಲೆ ಅಳಿಯನದೂ ಒಂದು ಚುಕ್ಕೆ ಇಡು ಎಂದೆ.

“ಹ್ಞೂಂ. ಅಂವ ಜೋಗೇಶ್ವರಿಯಾಗ ಇರ್ತಾನ, ಅವನ ಅರಿವಿಗೆ ಅಲ್ಲಿ ಅಗಸ ಇಲ್ಲೇನು? ಮನಿ ಚುಕ್ಕಿ ಮಿಠಾಯಿ ಅಲ್ಲವಾ ಕಾಶವ್ವ, ಬಂದವರಿಗೆಲ್ಲ ಕೊಡಾಕ.”

ಮಾರ್ಕರ್ ಪೆನ್ನಿನಿಂದ ನಂಬರು ಬರೆಯುವ ಹೊಸ ಲಾಂಡ್ರಿಯವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಬೆ ಬಿಡುವ ಇಸ್ತ್ರಿ ಕಂಡರೆ ಆಗುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಆಗದಿದ್ದದ್ದು ಗಿಡಮರದ ಗುರುತಿಲ್ಲದ ಜನ. ಒಂದು ಯುಗಾದಿಗೆ ನಾನು ಸ್ಟೇಷನ್ನಿನ ಹೊರಗೆ ಮಾವಿನೆಲೆಯ ತೋರಣ ಕೊಂಡು ಬರುತ್ತಿದ್ದೆ. ಗಾಡಿಯ ಹತ್ತಿರ ಬಂದಾಗ ತಡೆದ. ತೋರಣದಿಂದ ಒಂದು ಎಲೆ ಕಿತ್ತು ಆ ಕರಿ ಹೆಬ್ಬೆರಳಿನಲ್ಲಿ ತಿಕ್ಕಿ ನನ್ನ ಮೂಗಿಗೆ ಹಿಡಿದ.

“ಏನ್ ವಾಸನಿ ಬರ್ತದ?”

“ಏನೂ ಇಲ್ಲೋ ಅಣ್ಣಾ.”

“ಮಾವಿನೆಲಿ ತಿಕ್ಕಿದ್ರ ಮಾವಿನಕಾಯಿ ವಾಸನಿ ಬರಬೇಕು. ಇದು ಅಶೋಕದ ಎಲಿ. ಅಂಚು ನೋಡು, ಹೆಂಗ ಅಲೆ ಅಲೆ ಅದ. ಅರ್ಧ ಮಾವು, ಅರ್ಧ ಅಶೋಕ ಪೋಣಿಸಿ ಕೊಟ್ಟಾನ. ವರ್ಷದ ಮೊದಲನೇ ದಿನಾನ ಟೋಪಿ ಹಾಕಿಸ್ಕೊಂಡು ಬಂದಿ ನೋಡು.”

ಅವತ್ತು ಸಾಲಿನಲ್ಲಿ ಬಟ್ಟೆ ಹಿಡಿದು ನಿಂತಿದ್ದ ನಾಲ್ಕು ಹೆಂಗಸರೂ ನಕ್ಕರು. ನನ್ನ ಮೈ ಉರಿಯಿತು. ಆದರೆ ಅಂದಿನಿಂದ ಇವತ್ತಿನವರೆಗೆ ಎಲೆಯನ್ನು ತಿಕ್ಕಿ ಮೂಸದೆ ನಾನು ತೋರಣ ಕೊಂಡಿಲ್ಲ.

ಅವನ ಗಾಡಿಗೆ ನೆರಳು ಕೊಡುತ್ತಿದ್ದದ್ದು ಗೋಡಂಬಿ ಮರ. ಅದು ಗೋಡಂಬಿ ಎಂದು ಅವನಿಗೂ ನನಗೂ ಬಿಟ್ಟರೆ ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೂವು ಬಿಡುವ ಹೊತ್ತಿಗೆ ಹತ್ತಿರದ ಕಾಡುಗುಡ್ಡದ ಮಂಗಗಳು ಇಳಿದು ಬಂದು ಹೀಚು ಕಟ್ಟುವ ಮೊದಲೇ ಹರಿದು ಹಾಕುತ್ತಿದ್ದವು. ಹಣ್ಣೇ ಕಾಣದ ಮರವನ್ನು ತಲೆಯೆತ್ತಿ ನೋಡುವ ಜನ ಮುಂಬಯಿಯಲ್ಲಿ ಎಲ್ಲಿದ್ದಾರೆ? ಮರದ ಪಕ್ಕದಲ್ಲಿ ಒಂದು ಸಿಮೆಂಟಿನ ಬೆಂಚು. ಸಂಜೆ ಮಕ್ಕಳು ಅದರ ಮೇಲೆ ಕೂತು ಕ್ಯಾರಂ ಆಡುತ್ತಿದ್ದವು.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ.

ಆರು ವರ್ಷದ ಹಿಂದೆ ಸುಜಿ ಮೊದಲ ಹೆರಿಗೆಗೆ ತವರಿಗೆ ಬಂದಳು. ಪೀಹೂ ಹುಟ್ಟಿದಳು. ಆಗಲೂ ನಾನು ಹೀಗೆಯೇ ಹುಚ್ಚಿಯಂತೆ ಕುಣಿದಿದ್ದೆ. ಬಾಣಂತಿಗೆ ಅಂಟಿನ ಉಂಡಿ ಕಟ್ಟಬೇಕು. ಅಂಟು, ಉತ್ತತ್ತಿ, ಒಣ ಕೊಬ್ಬರಿ, ಬೆಲ್ಲ ಎಲ್ಲ ಇಲ್ಲಿಯೇ ಸಿಗುತ್ತದೆ. ನಮ್ಮ ಕಡೆ ಅದಕ್ಕೆ ಕೇರಬೀಜದ ಒಳಗಿನ ತಿರುಳನ್ನೂ ಹಾಕುತ್ತಾರೆ. ಮೇಲಿನ ಸಿಪ್ಪೆಯ ಎಣ್ಣೆ ಮೈಗೆ ತಾಗಿದರೆ ಬೆಂಕಿ, ಒಳಗಿನ ತಿರುಳು ಹುರಿದರೆ ಬಾದಾಮಿಯಂತೆ ಸಿಹಿ. ಅಂಗಡಿಯ ತಿರುಳು ಕಮಟು ವಾಸನೆ ಹೊಡೆಯುತ್ತಿತ್ತು. ಊರಲ್ಲಿರುವ ತಂಗಿ ಒಂದು ಚೀಲ ಇಡೀ ಬೀಜ ಕಳಿಸಿದಳು.

ಮನೆಯಲ್ಲಿ ಎಳೆ ಕೂಸು. ಒಳಗೆ ಕುಟ್ಟುವಂತಿಲ್ಲ. ಮಧ್ಯಾಹ್ನ ಯಮನಪ್ಪ ಗಂಟು ಹೊತ್ತು ಘಾಟಿಗೆ ಹೋಗಿದ್ದ. ನಾನು ಮೊಣಕೈತನಕ ಕೊಬ್ಬರಿ ಎಣ್ಣೆ ಸವರಿಕೊಂಡು, ಆ ಬೆಂಚಿನ ಮೇಲೆ ಕೂತು, ಗುಂಡುಕಲ್ಲಿನಿಂದ ಬೀಜ ಒಡೆದೆ. ನಮ್ಮವ್ವ ಮಾಡಿದ್ದನ್ನು ನೋಡಿದವಳೇ ನಾನು. ಆದರೆ ಅವ್ವ ಕೆಳಗೆ ಒಲೆಯ ಬೂದಿ ಹರವಿಕೊಳ್ಳುತ್ತಿದ್ದಳು, ಸಿಡಿದ ಎಣ್ಣೆಯನ್ನೆಲ್ಲ ಆ ಬೂದಿ ಕುಡಿದುಬಿಡುತ್ತಿತ್ತು. ಮೂವತ್ತು ವರ್ಷದಿಂದ ಗ್ಯಾಸಿನ ಮೇಲೆ ಅಡುಗೆ ಮಾಡುವವಳ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಬೂದಿಯ ನೆನಪೇ ನನಗೆ ಆಗಲಿಲ್ಲ. ಒಡೆದಾದ ಮೇಲೆ ಸಿಪ್ಪೆ ಬಳಿದು ಚೆಲ್ಲಿದೆ, ಬೆಂಚು ಒರೆಸಿದಂತೆ ಮಾಡಿದೆ, ಹಾಡಿಕೊಳ್ಳುತ್ತಾ ಮೇಲೆ ಹೋದೆ. ಉಂಡಿ ಏನು ರುಚಿಯಾಗಿದ್ದವು ಅಂತೀರಿ!

ಎರಡು ದಿನ ಕಳೆಯುವಷ್ಟರಲ್ಲಿ ಬಿಲ್ಡಿಂಗಿನ ಐದು ಮಕ್ಕಳ ತೊಡೆ, ಮೊಣಕಾಲಿನ ಹಿಂಭಾಗವೆಲ್ಲ ಬೊಬ್ಬೆ. ನೀರು ತುಂಬಿದ ಗುಳ್ಳೆಗಳು, ತುರಿಕೆ, ರಾತ್ರಿಯೆಲ್ಲ ಅಳು. ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿಯ ಮೊಮ್ಮಗನಿಗೆ ಎಲ್ಲರಿಗಿಂತ ಜೋರು. ಯಾವುದೋ ಗಿಡದ ರಸ ತಾಗಿದೆ ಎಂದು ಡಾಕ್ಟರರು ಮುಲಾಮು ಬರೆದುಕೊಟ್ಟರಂತೆ. ಗಿಡ ಎಂದ ಕೂಡಲೆ ಸೆಕ್ರೆಟರಿ ನೆಟ್ಟಗೆ ಹಿಂದಿನ ಗೇಟಿಗೆ ಬಂದ.

ಸೆಕ್ರೆಟರಿ ಉಡುಪಿ ಕಡೆಯ ಮನೆತನದವನು, ಹುಟ್ಟಿದ್ದು ಬೆಳೆದದ್ದು ಇಲ್ಲಿಯೇ, ಸ್ಟೇಷನ್ನಿನ ಹತ್ತಿರ ಹೋಟೆಲು. ಮರದ ಒಂದು ಎಲೆಗೆ ಫೋನು ಹಿಡಿದು ಫೋಟೋ ಹೊಡೆದ. ಫೋನು ಏನೋ ತೋರಿಸಿತು.

“ನೋಡಿ, ಭಿಲಾವಾ ಅಂತ ಹೇಳ್ತಾ ಉಂಟು. ಅದೇ ಬಿಬ್ಬಾದ ಮರ. ಪೂರಾ ವಿಷ! ಇದರ ಕೆಳಗೆ ನಮ್ಮ ಮಕ್ಕಳನ್ನು ಆಡ್ಲಿಕ್ಕೆ ಬಿಟ್ಟಿದ್ದೇವಲ್ಲ ಮಾರಾಯ್ರೆ!”

ಅವತ್ತೇ ಅರ್ಜಿ ತಯಾರಾಯಿತು. ಮರ ಅಪಾಯದ್ದು, ತೆಗೆಸಿಕೊಡಿ ಎಂದು ಪ್ರತಿ ಮನೆಯವರೂ ಸಹಿ ಹಾಕಬೇಕು. ಮರದ ಜೊತೆಗೆ ಗಾಡಿಯನ್ನೂ ಎತ್ತಿಸಿ ಅಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಮಾಡುವುದೆಂದು ಅದರಲ್ಲೇ ಸೇರಿಸಿದ್ದರು. ಯಮನಪ್ಪನಿಗೆ ಆಗ ಎಪ್ಪತ್ತರ ಹತ್ತಿರ. ಆ ನೆರಳು ಹೋದರೆ ಅವನ ಗಾಡಿಯನ್ನು ಇನ್ನೊಂದು ಗೇಟಿನವರು ನಿಲ್ಲಿಸಿಕೊಳ್ಳುತ್ತಿರಲಿಲ್ಲ.

ಆ ಸಂಜೆ ನಾನು ಕೆಳಗಿಳಿದಾಗ ಯಮನಪ್ಪ ಬೆಂಚಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದ. ಸಿಮೆಂಟಿನ ಮೇಲೆ ಅಲ್ಲಲ್ಲಿ ಕರಿ ಕಲೆ. ಒಂದು ಕಲೆಯ ಮೇಲೆ ಸುಣ್ಣ ಹಚ್ಚಿ ನೋಡುತ್ತಿದ್ದ. ತಲೆಯೆತ್ತಿ ನನ್ನನ್ನು ನೋಡಿದ.

“ಉಂಡಿ ಕಟ್ಟಿದೇನವಾ?”

“ಹೂಂ ಅಣ್ಣಾ, ಕಟ್ಟಿದೆ.”

ಅಷ್ಟೇ ಕೇಳಿದ. ಎದ್ದು ಹೋಗಿ ಇಸ್ತ್ರಿ ಹಿಡಿದ. ಹ್ಞೂಂ ಎನ್ನಲಿಲ್ಲ. ಅವನು ಹ್ಞೂಂ ಎನ್ನದೇ ಇದ್ದದ್ದಕ್ಕೇ ನಾನು ತಿರುಗಿ ಆ ಕಲೆಗಳನ್ನು ನೋಡಿದೆ. ಐದು ಮಕ್ಕಳನ್ನು ಸುಟ್ಟವಳು ನಾನೇ ಎಂದು ಆಗ ತಿಳಿಯಿತು.

ತಿಳಿದೂ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇಂಥ ಹೇಡಿ ನಾನು. ಹೇಳಿದರೆ ಬಿಲ್ಡಿಂಗಿನವರು ಮುಖಕ್ಕೆ ಉಗಿಯುತ್ತಾರೆ. ಜೋಗೇಶ್ವರಿಯ ಬೀಗಿತ್ತಿಯ ಕಿವಿಗೆ ಬಿದ್ದರೆ ಕೂಸು ಬಾಣಂತಿಯನ್ನು ಅದೇ ದಿನ ಟ್ಯಾಕ್ಸಿ ಹತ್ತಿಸುತ್ತಾಳೆ. ಹದಿನಾರು ದಿನದ ಪೀಹೂಳ ಬೆಚ್ಚಗಿನ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಿದ್ದೆ. ಮರ ಹೋದರೆ ಹೋಗಲಿ, ಇದು ಇರಲಿ ಎಂದು ಒಂದು ಗಳಿಗೆ ಅಂದುಕೊಂಡದ್ದೂ ಉಂಟು.

ಭಾನುವಾರ ಬೆಳಿಗ್ಗೆ ಎಲ್ಲರೂ ಮರದ ಕೆಳಗೆ ಸೇರಿದರು. ಯಮನಪ್ಪ ಮುಂಜಾನೆಯೇ ಗುಡ್ಡದ ಕಡೆ ಹೋಗಿ, ಬಟ್ಟೆಯಲ್ಲಿ ಸುತ್ತಿ, ಒಂದು ಎಲೆ ತಂದಿದ್ದ. ಅದು ನಿಜವಾದ ಕೇರುಮರದ ಎಲೆ. ಇಸ್ತ್ರಿ ಹಲಗೆಯ ಮೇಲೆ ಅದನ್ನು ಹಾಸಿ, ಪಕ್ಕದಲ್ಲಿ ನಮ್ಮ ಮರದ ಎಲೆ ಇಟ್ಟ.

“ಸಾಹೇಬ್ರ, ಮೂವರೂ ಒಂದ ಮನಿತನದವರು. ಮಾವು, ಗೋಡಂಬಿ, ಕೇರು. ಮಾವು ದೊಡ್ಡಾಕಿ, ಛಲೋ ಮನಿಗೆ ಬಿದ್ದು ದೇವರ ಬಾಗಿಲಿಗೆ ಹೋದಳು. ಗೋಡಂಬಿ ನಡುವಿನಾಕಿ, ನಿಮ್ಮ ಹೋಟಲಿಗೆ ಬಂದಳು. ಕೇರು ಸಣ್ಣಾಕಿ, ಮೂಗಿನ ತುದೀಗೆ ಸಿಟ್ಟು, ಅಗಸನ ಮನೀಗೆ ಬಂದಳು. ಅಕ್ಕತಂಗೇರ ಮುಖ ಒಂದ ಥರಾ ಇರ್ತದ. ಇವೆರಡರ ತುದಿ ನೋಡ್ರಿ, ಎರಡೂ ಸಾರಿನ ಹುಟ್ಟಿನ ತುದಿ ಇದ್ದಂಗ ಗುಂಡಗ ಅದಾವ. ನಿಮ್ಮ ಫೋನು ಅಷ್ಟ ನೋಡೇದ.”

ಹೆಬ್ಬೆರಳು ಎತ್ತಿದ.

“ಈಗ ಉದ್ದ ನೋಡ್ರಿ. ಗೋಡಂಬಿ ಎಲಿ ಅಂಗೈ ಉದ್ದ. ಕೇರಿನ ಎಲಿ ಮೊಣಕೈ ಉದ್ದ ಬೆಳೀತದ. ಈಗ ಹೊಟ್ಟಿ.” ಎರಡನ್ನೂ ತಿರುವಿ ಹಾಕಿದ. “ಗೋಡಂಬಿ ಹೊಟ್ಟಿ ಹಸರು, ಮ್ಯಾಲ ಹೆಂಗೋ ಕೆಳಗೂ ಹಂಗ. ಕೇರಿನ ಹೊಟ್ಟಿ ನೋಡ್ರಿ, ಇಬತ್ತಿ ಬಳದಂಗ ಬೆಳ್ಳಗ. ಫೋಟೋ ಹೊಡದೀರಲ್ಲ, ಹೊಟ್ಟಿ ತೋರಿಸೀರೇನು ಅದಕ್ಕ? ಹ್ಞೂಂ. ಉಪ್ಪಿಟ್ಟಿನಾಗ ದಿನಾ ಗೋಡಂಬಿ ಹಾಕಿ ಮಾರ್ತೀರಿ, ಅದರವ್ವನ ಗುರ್ತು ಇಲ್ಲ ನಿಮಗ!”

ಜನ ಕಿಸಕ್ಕೆಂದರು. ಸೆಕ್ರೆಟರಿಯ ಮುಖ ಕೆಂಪಾಯಿತು.

“ನಿನ್ನ ಗಾಡಿ ಇಲ್ಲಿ ಉಂಟಲ್ಲ, ಅದಕ್ಕೆ ನೀನು ಹೀಗೇ ಹೇಳುವುದು. ಮರ ವಿಷದ್ದಲ್ಲ ಅಂತಾದ್ರೆ ಮಕ್ಕಳಿಗೆ ಆದದ್ದು ಎಂತದ್ರಿಂದ? ಅದನ್ನು ಹೇಳು ನೋಡುವಾ.”

ಯಮನಪ್ಪನಿಗೆ ಗೊತ್ತಿತ್ತು. ಒಂದು ಮಾತಿನಲ್ಲಿ ಮರ ಉಳಿಯುತ್ತಿತ್ತು, ಗಾಡಿಯೂ ಉಳಿಯುತ್ತಿತ್ತು. ಎಲೆಗಳನ್ನು ಸರಿಸಿ, ಯಾರದೋ ಅಂಗಿಯನ್ನು ಹಲಗೆಯ ಮೇಲೆ ಹಾಸಿ, ಕಾಲರಿನ ಮೇಲೆ ನೀರು ಚಿಮುಕಿಸತೊಡಗಿದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಅರ್ಜಿಯ ಕಾಗದ ಕೈಯಿಂದ ಕೈಗೆ ಬಂತು. ಎಲ್ಲ ಮನೆಯ ಸಹಿ ಆಗಿತ್ತು, ನಮ್ಮದೊಂದು ಬಾಕಿ. ಸೆಕ್ರೆಟರಿ ಪೆನ್ನು ಕೊಟ್ಟು, ಹೆಬ್ಬೆಟ್ಟಾದರೂ ನಡೆಯುತ್ತದೆ ಅಮ್ಮಾ ಎಂದ. ಹೆಬ್ಬೆಟ್ಟು ಎಂದ ಕೂಡಲೆ ನನ್ನ ಕಣ್ಣು ಆ ಕರಿ ಹೆಬ್ಬೆರಳಿಗೆ ಹೋಯಿತು.

“ನನಗ ಸಹಿ ಬರ್ತದ್ರಿ,” ಎಂದೆ. “ಆದ್ರ ಇದಕ್ಕ ಹಾಕಂಗಿಲ್ಲ. ಆ ಬೆಂಚಿನ ಮ್ಯಾಲ ಕೇರಬೀಜ ಒಡದಾಕಿ ನಾನ. ಮಗಳ ಬಾಣಂತನದ ಉಂಡಿಗೆ. ಅದರ ಎಣ್ಣಿ ಮ್ಯಾಲ ಮಕ್ಕಳು ಕುಂತಾವ. ಮರದ್ದು ತಪ್ಪಿಲ್ಲ. ಯಮನಪ್ಪಣ್ಣಂದೂ ತಪ್ಪಿಲ್ಲ.”

ಮುಂದೆ ಏನೇನು ಅನ್ನಿಸಿಕೊಂಡೆ ಎಂದು ಬರೆಯುವುದಿಲ್ಲ. ಅನ್ನಬೇಕಾದ್ದನ್ನೇ ಅಂದರು. ಐದೂ ಮನೆಗೆ ಹೋಗಿ ಮಕ್ಕಳ ಕಾಲು ಹಿಡಿದು ಬಂದೆ. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಸುಜಿ, ಕೂಸನ್ನು ಮಡಿಲಲ್ಲಿ ಇಟ್ಟುಕೊಂಡೇ ಹಣೆ ಚಚ್ಚಿಕೊಂಡಳು. “ಅವ್ವಾ, ಮಾನ ತಗದಿಯಲ್ಲ! ಅಂಗಡ್ಯಾಗ ರೆಡಿಮೇಡ್ ಲಾಡೂ ಸಿಗ್ತಿದ್ದಿಲ್ಲಾ?” ಬೀಗಿತ್ತಿಗೂ ಸುದ್ದಿ ಹೋಯಿತು. ಬಂದಳು, ಒಂದು ತಾಸು ಬೈದಳು, ನಾಲ್ಕು ಉಂಡಿ ತಿಂದಳು, ಎಂಟು ಕಟ್ಟಿಸಿಕೊಂಡು ಹೋದಳು. ಪೀಹೂ ನಮ್ಮಲ್ಲೇ ಉಳಿದಳು.

ಅರ್ಜಿಯನ್ನು ಸೆಕ್ರೆಟರಿ ತಾನೇ ಹರಿದ. ಆ ಮಧ್ಯಾಹ್ನ ಯಮನಪ್ಪ ಇಸ್ತ್ರಿ ಪೆಟ್ಟಿಗೆಯ ಬೂದಿ ಸುರಿದು, ತೆಂಗಿನ ಕತ್ತ ಹಿಡಿದು ಬೆಂಚು ತಿಕ್ಕಿದ. ನಾನು ಕೊಡದಿಂದ ನೀರು ಹಾಕಿದೆ. ಆಗ ಅವನ ಬಾಯಿ ಬಿಚ್ಚಿತು.

“ನಿನ್ನ ಕೈಗೆ ಎಣ್ಣಿ ಹಚ್ಚಾಕ ನೆನಪು ಬಂತು. ಮಂದಿ ಕುಂಡಿಗೆ ಬೂದಿ ಹಾಕಾಕ ಬರಲಿಲ್ಲ. ದಿನಾ ಎರಡು ಪೆಟಗಿ ಬೂದಿ ಗಟಾರಕ್ಕ ಚೆಲ್ಲತೀನಿ ನಾ. ಕೇಳಿದ್ರ ಕೊಡ್ತಿದ್ದಿಲ್ಲೇನು? ಹ್ಞೂಂ. ಇನ್ನ ಮ್ಯಾಲ ಕೇರಬೀಜ ಮುಟ್ಟೀ ಅಂದ್ರ ನಿನ್ನ ಸೀರಿ ಸುಟ್ಟು ಕೊಡ್ತೀನಿ.”

ನೀರು ಹಾಕುತ್ತಾ ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಅವನು ಬೈಯಲು ಶುರು ಮಾಡಿದ ಎಂದರೆ ಎಲ್ಲ ಸರಿಹೋಯಿತು ಎಂದೇ ಅರ್ಥ. ಮಾರನೆಯ ವಾರ ಘಾಟಿನಿಂದ ಬಂದ ನಮ್ಮ ಬೆಡ್‌ಶೀಟಿನ ಮೂಲೆಯಲ್ಲಿ ಗೆರೆಯ ಕೆಳಗೆ ನಾಲ್ಕು ಚುಕ್ಕೆ ಇದ್ದವು. ನಾಲ್ಕನೆಯದು ಪೀಹೂಳದು, ನಾನು ಹೇಳಿರಲಿಲ್ಲ.

ಪೀಹೂ ರಜೆಗೆ ಬಂದಾಗಲೆಲ್ಲ ಗಾಡಿಯ ಕೆಳಗೇ ಆಟ. ಅವಳ ಕನ್ನಡ ಅಷ್ಟಕ್ಕಷ್ಟೇ, ಯಮನಪ್ಪನ ಹಿಂದಿ ಅದಕ್ಕಿಂತ ಅತ್ತತ್ತ. ಎಲೆಗೆ ಭಾಷೆ ಬೇಕಾಗಲಿಲ್ಲ. ಒಂದೊಂದು ಎಲೆ ತಂದು ಅವನ ಮುಂದೆ ಹಿಡಿಯುವಳು, ಅವನು ತಿರುವಿ ಹೊಟ್ಟೆ ತೋರಿಸುವನು. ಬರೀ ಮೇಲ್ಮೈ ನೋಡಿ ಹೆಸರು ಹೇಳಿದರೆ ಅವಳಿಗೂ ಹ್ಞೂಂ ಸಿಗುತ್ತಿತ್ತು. ಐದು ವರ್ಷದ ಹುಡುಗಿ ಎಂದು ರಿಯಾಯಿತಿ ಇರಲಿಲ್ಲ. ಗುರುತಿಲ್ಲದ ಎಲೆಯನ್ನು ಮಾತ್ರ ಮುಟ್ಟದೆ ಕೋಲಿನಿಂದ ತಿರುವಬೇಕು ಎಂದು ಕಲಿಸಿದ್ದ.

ಈ ಸಲ ಮಳೆಗಾಲಕ್ಕೆ ಮೊದಲು ಅವನನ್ನು ಕರೆದೊಯ್ಯಲು ಅವನ ಮಗಳು ಸೊಲ್ಲಾಪುರದಿಂದ ಬಂದಳು. ಅವನ ಕಣ್ಣು ಪೂರ್ತಿ ಮಂಜಾಗಿತ್ತು, ಎರಡು ಅಂಗಿ ಸುಟ್ಟಿದ್ದ. ಹೊರಡುವ ದಿನ ಗಾಡಿ ಖಾಲಿ ಮಾಡಿ ಮರದ ಕೆಳಗೆ ಕೂತಿದ್ದ. ಸುಜಿಗೆ ಮತ್ತೆ ಮೂರು ತಿಂಗಳು ಎಂದು ನಾನು ಹಿಂದಿನ ವಾರ ಹೇಳಿದ್ದೆ. ಹಳೇ ಬೆಡ್‌ಶೀಟಿನ ತುಂಡಿನಲ್ಲಿ ಹೊಲಿದ ಒಂದು ಚೀಲ ಕೊಟ್ಟ.

“ಸುಜೀ ಉಂಡಿಗೆ. ಒಡದು, ಸೋಸಿ, ಹುರದೀನಿ. ನೀ ಬರೇ ಬೆಲ್ಲಾ ಕಲಸು. ಅಷ್ಟರ ಬರ್ತದಲ್ಲ?”

“ಕಣ್ಣು ಕಾಣೂದಿಲ್ಲ ಅಂತೀ, ಹೆಂಗ ಒಡದ್ಯೋ ಅಣ್ಣಾ?”

“ಕಣ್ಣಿದ್ದಾಕಿ ಒಡದದ್ದು ನೋಡೀನಲ್ಲ, ಹ್ಞೂಂ.”

ನಾನು ಕಾಲಿಗೆ ಬಗ್ಗಿದೆ. ಸೊಂಟ ಹಿಡಿದುಕೊಂಡೀತು, ಸಾಕು ಎಂದ. ಆಟೋ ಹೋಯಿತು. ಅದೇ ಕೊನೆ.

ಕೂಸು ಹುಟ್ಟಿದ ಸಂಜೆ ಸೊಲ್ಲಾಪುರಕ್ಕೆ ಫೋನು ಮಾಡಿದೆ. ಅವನ ಮಗಳು ಎತ್ತಿದಳು. ಅಪ್ಪ ಹೋಗಿ ಒಂದು ತಿಂಗಳಾಯಿತು, ನಿಮ್ಮ ನಂಬರು ಸಿಗಲಿಲ್ಲ ಅಕ್ಕಾ ಎಂದಳು.

ಮಾರನೆಯ ದಿನ ಉಂಡಿ ಕಟ್ಟಲು ಚೀಲ ಬಿಚ್ಚಿದೆ. ಬಿಳಿ ಬಿಳಿ ತಿರುಳು, ಒಂದರಲ್ಲೂ ಸಿಪ್ಪೆಯ ಚೂರಿಲ್ಲ. ಚೀಲದ ಮೂಲೆಯಲ್ಲಿ ನಮ್ಮ ಮನೆಯ ಗುರುತು, ಗೆರೆ ಮತ್ತು ನಾಲ್ಕು ಚುಕ್ಕೆ. ನಾಲ್ಕರ ಪಕ್ಕದಲ್ಲಿ ಒಂದು ಚುಕ್ಕೆಯಷ್ಟು ಜಾಗಕ್ಕೆ ಸುಣ್ಣ ಹಚ್ಚಿ ಖಾಲಿ ಬಿಟ್ಟಿದ್ದ. ಹುಟ್ಟದ ಕೂಸನ್ನು ಎಣಿಸಬಾರದು ಎನ್ನುವವರು ನಾವು. ಚೀಲದ ತಳದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಇನ್ನೊಂದು ಪುಟ್ಟ ಗಂಟು ಇತ್ತು. ಬಿಚ್ಚಿದರೆ, ಒಡೆಯದ ಒಂದೇ ಒಂದು ಕೇರಬೀಜ, ಅದಕ್ಕೆ ಚುಚ್ಚಿದ ಸೂಜಿ.

ಮುಟ್ಟಿದರೆ ಸೀರೆ ಸುಡುತ್ತೇನೆ ಎಂದವನು ಮುಟ್ಟು ಎಂದು ಬಿಟ್ಟು ಹೋಗಿದ್ದ.

ಕೆಳಗೆ ಹೋದೆ. ಅವನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಕೂತು, ಚೀಲವನ್ನು ಮೊಣಕಾಲಿನ ಮೇಲೆ ಹರವಿ, ಐದನೆಯ ಚುಕ್ಕೆ ಇಟ್ಟೆ. ಮೊದಲು ತಿಳಿ ಕಂದಾಗಿತ್ತು. ನೋಡುತ್ತಾ ನೋಡುತ್ತಾ ಕರ್ರಗಾಯಿತು. ಪಕ್ಕದಲ್ಲಿ ನಿಂತಿದ್ದ ಪೀಹೂ ಚೀಲ ನೋಡಲಿಲ್ಲ, ನನ್ನ ಕೈ ನೋಡಿದಳು. ಬೀಜ ಒತ್ತಿ ಹಿಡಿದ ಹೆಬ್ಬೆರಳಿನ ತುದಿ ರಸದಲ್ಲಿ ತೊಯ್ದು ಅದೂ ಕರ್ರಗಾಗುತ್ತಿತ್ತು.

“ಅಜ್ಜೀ, ತೇಲ್ ಹಚ್ಚಿಲ್ಲಾ ನೀನು?”

ಇಲ್ಲ ಎಂದೆ. ಎಣ್ಣೆ ಮರೆತಿದ್ದೆ.

ಆರು ವರ್ಷದ ಹುಡುಗಿ, ಪುಟ್ಟ ಹೆಬ್ಬೆರಳು ಮೇಲೆತ್ತಿ, ಮೂಗಿನಿಂದ ‘ಹ್ಞೂಂ’ ಎಂದಳು.

ಬೆರಳಿಗೆ ಬೊಬ್ಬೆ ಬಂತು. ಅದು ಒಣಗುವವರೆಗೆ ಕೂಸನ್ನು ಎತ್ತಿಕೊಳ್ಳಲು ಸುಜಿ ಬಿಡಲಿಲ್ಲ. ನಿನ್ನೆ ಬಿಟ್ಟಳು. ಬೊಬ್ಬೆ ಹೋಗಿದೆ, ಕಪ್ಪು ಹೋಗಿಲ್ಲ. ನಾನು ತಿಕ್ಕುತ್ತಲೂ ಇಲ್ಲ.